ನೋಟಿಸಿನಲ್ಲಿದ್ದ 'ಡಿಟರ್ಮಿನ್ಡ್': ಕಾನೂನಿನ ಇಂಗ್ಲಿಷ್ ಕಲಿಯೋದು ಎಲ್ಲಿಂದ ಶುರು ಮಾಡಲಿ?

ಹೊಲಿಗೆ ಅಂಗಡಿ, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷದಿಂದ ಒಂದೇ ಮಳಿಗೆಯಲ್ಲಿ ಹೊಲಿಗೆ ಅಂಗಡಿ ನಡೆಸ್ತಿದ್ದೀನಿ. ಓದಿದ್ದು ಪಿಯುಸಿವರೆಗೆ, ಕನ್ನಡ ಮಾಧ್ಯಮ. ಬ್ಯಾಂಕಿನ ಮೆಸೇಜು, ಮಗಳ ಶಾಲೆಯ ಸರ್ಕ್ಯುಲರ್ರು, ಬಟ್ಟೆ ಕಂಪನಿಯ ಬಿಲ್ಲು, ಇಷ್ಟು ಇಂಗ್ಲಿಷ್ ಯಾರ ಸಹಾಯವೂ ಇಲ್ಲದೆ ಓದ್ತೀನಿ.

ದಸರಾಕ್ಕೆ ಮುಂಚೆ ಮಳಿಗೆ ಮಾಲೀಕರ ವಕೀಲರಿಂದ ಅಂಚೆಯಲ್ಲಿ ಒಂದು ನೋಟಿಸ್ ಬಂತು. ಒಂದೂವರೆ ಪುಟ, ಪೂರ್ತಿ ಇಂಗ್ಲಿಷ್. ಗೊತ್ತಿಲ್ಲದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಂದೊಂದನ್ನೇ ಮೊಬೈಲಿನಲ್ಲಿ ಹುಡುಕಿ ಅರ್ಥ ಬರೆದುಕೊಂಡೆ. 'ಹಿಯರ್‌ಇನ್‌ಆಫ್ಟರ್', 'ಟೆನೆನ್ಸಿ', 'ಫೋರ್ತ್‌ವಿತ್', ಹೀಗೆ ಹದಿನಾಲ್ಕು ಪದ. 'ದಿ ಲೀಸ್ ಸ್ಟ್ಯಾಂಡ್ಸ್ ಡಿಟರ್ಮಿನ್ಡ್' ಅನ್ನೋ ಸಾಲಿಗೆ ಮಾತ್ರ ಗೆರೆ ಎಳೀಲಿಲ್ಲ. ಅದು ನನಗೆ ಗೊತ್ತಿರೋ ಪದ. ಮಗಳ ಶಾಲೆಯ ಗೋಡೆ ಮೇಲೆ 'ಬಿ ಡಿಟರ್ಮಿನ್ಡ್' ಅಂತ ದೊಡ್ಡದಾಗಿ ಬರೆದಿದ್ದಾರೆ. ದೃಢ, ನಿಶ್ಚಯ. ಹಾಗಾದರೆ ಲೀಸ್ ನಿಶ್ಚಯವಾಗಿದೆ, ಬಾಡಿಗೆ ಮಾತ್ರ ಜಾಸ್ತಿ ಕೇಳ್ತಿದ್ದಾರೆ ಅಂತ ಓದಿಕೊಂಡೆ. ನೋಟಿಸನ್ನು ಮೆಷಿನ್ನಿನ ಡ್ರಾಯರಿಗೆ ಹಾಕಿ ಹಬ್ಬದ ಬ್ಲೌಸುಗಳನ್ನು ಹೊಲಿಯೋಕೆ ಕೂತೆ.

ಹದಿನೆಂಟನೇ ದಿನ ಮಾಲೀಕರು ಬೀಗ ಹಿಡಿದುಕೊಂಡು ಬಂದರು. ಆಮೇಲೆ ವಕೀಲರ ಹತ್ತಿರ ಓಡಿದಾಗ ಗೊತ್ತಾಯ್ತು, ಅಲ್ಲಿ 'ಡಿಟರ್ಮಿನ್ಡ್' ಅಂದರೆ 'ಮುಗಿಯಿತು' ಅಂತ. ಹಿರಿಯರೊಬ್ಬರು ನಡುವೆ ಕೂತು ರಾಜಿ ಮಾಡಿಸಿದ್ದಾರೆ. ಸಂಕ್ರಾಂತಿಯೊಳಗೆ ಹೊಸ ಕರಾರು ಆಗಬೇಕು, ಅದೂ ಇಂಗ್ಲಿಷಿನಲ್ಲೇ ಬರುತ್ತೆ.

ಈ ಸಲ ನಾನೇ ಓದಿ ತಿಳಿದುಕೊಂಡು ಸಹಿ ಹಾಕಬೇಕು. ಕಾನೂನು, ನಿಯಮ, ಕೋರ್ಟಿಗೆ ಸಂಬಂಧಪಟ್ಟ ಇಂಗ್ಲಿಷ್ ಪದಗಳನ್ನು ಎಲ್ಲಿಂದ ಕಲಿಯಲಿ? ದಿನಕ್ಕೆ ಅರ್ಧ ಗಂಟೆ ಸಿಗುತ್ತೆ.

ನಿವೃತ್ತ ಶಿರಸ್ತೇದಾರ, ಹಾಸನ

ನೋಡಮ್ಮ, ಮೂವತ್ತೊಂದು ವರ್ಷ ಸಿವಿಲ್ ಕೋರ್ಟಿನ ಕಚೇರಿಯಲ್ಲಿ ಕಡತ ನೋಡಿದ್ದೇನೆ. ನಿನಗೆ ಆದದ್ದು ಪದವೀಧರರಿಗೂ ಆಗಿದೆ. 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್, ಅಂದರೆ ಸ್ವತ್ತು ವರ್ಗಾವಣೆ ಕಾಯಿದೆ, ಅದರ 111ನೇ ಕಲಮಿನ ಶೀರ್ಷಿಕೆಯೇ 'ಡಿಟರ್ಮಿನೇಶನ್ ಆಫ್ ಲೀಸ್'. ಗುತ್ತಿಗೆ ಯಾವ ಯಾವ ರೀತಿಯಲ್ಲಿ ಕೊನೆಗೊಳ್ಳುತ್ತದೆ ಅಂತ ಅಲ್ಲಿ ಪಟ್ಟಿ ಇದೆ. ಹಳೆ ಕರಾರಿನ ಅವಧಿ ಮುಗಿದ ಮೇಲೆ ನೀನು ಹೊಸದು ಬರೆಸಿರಲಿಲ್ಲ ಅಂತ ಕಾಣುತ್ತೆ. ಹಾಗಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ, 106ನೇ ಕಲಮಿನ ಪ್ರಕಾರ ಹದಿನೈದು ದಿನದ ನೋಟಿಸು ಸಾಕು. ಆದರೆ ನೋಟಿಸು ಕೊಟ್ಟ ಮಾತ್ರಕ್ಕೆ ಮಾಲೀಕ ತಾನೇ ಬಂದು ಬೀಗ ಜಡಿಯುವಂತಿಲ್ಲ. ನೀನು ಬಿಡದಿದ್ದರೆ ಅವನು ದಾವೆ ಹಾಕಬೇಕು. ಇದು ನೆನಪಿರಲಿ.

ಕಲಿಯುವ ವಿಚಾರಕ್ಕೆ ಬರ್ತೀನಿ. ಗೆರೆ ಎಳೆದ ಹದಿನಾಲ್ಕು ಪದಗಳಿಂದ ನಿನಗೆ ತೊಂದರೆ ಆಗಲಿಲ್ಲ, ಗೆರೆ ಎಳೆಯದ ಒಂದರಿಂದ ಆಯಿತು. ಕಷ್ಟದ ಪದ ಬಂದರೆ ಯಾರಾದರೂ ನಿಂತು ಕೇಳುತ್ತಾರೆ. ಸುಲಭದ ಪದ ಕೋರ್ಟಿನೊಳಗೆ ಬೇರೆ ಅರ್ಥ ಹೊತ್ತುಕೊಂಡು ಬಂದಾಗ ಯಾರೂ ನಿಲ್ಲುವುದಿಲ್ಲ. ಮೊದಲು ಅಂಥವನ್ನು ಕಲಿ.

'ಇಶ್ಯೂ' ತಗೋ. ಪೇಪರಿನಲ್ಲಿ ಅದು ಸಮಸ್ಯೆ. ಕೋರ್ಟು 'ಇಶ್ಯೂಸ್ ಫ್ರೇಮ್' ಮಾಡಿತು ಅಂದರೆ ವಿವಾದಾಂಶ ರಚಿಸಿತು. 'ಸಮನ್ಸ್ ಇಶ್ಯೂ' ಆಯಿತು ಅಂದರೆ ಹೊರಡಿಸಿದರು. 'ಹಿ ಡೈಡ್ ವಿತೌಟ್ ಇಶ್ಯೂ' ಅಂದರೆ ಮಕ್ಕಳಿಲ್ಲದೆ ತೀರಿಕೊಂಡರು. ಪಾಲಿನ ದಾವೆಯೊಂದರಲ್ಲಿ ಹುಡುಗನೊಬ್ಬ ಆ ಸಾಲನ್ನು 'ಸಮಸ್ಯೆ ಇಲ್ಲದೆ ಸತ್ತರು' ಅಂತ ಕನ್ನಡಕ್ಕೆ ತಂದಿದ್ದ. ಪಾಲು ಯಾರಿಗೆ ಹೋಗಬೇಕು ಅನ್ನುವುದೇ ಆ ಒಂದು ಪದದ ಮೇಲೆ ನಿಂತಿತ್ತು. ಕೂತು ತಿದ್ದಿಸಿದೆ.

'ಸರ್ವಿಸ್' ಅಂದರೆ ಸಮನ್ಸು ಕೈಗೆ ಮುಟ್ಟಿಸುವುದು. 'ರಿಲೀಫ್' ಅಂದರೆ ಕೋರ್ಟಿನಲ್ಲಿ ನೀನು ಬೇಡುವ ಪರಿಹಾರ. 'ಪ್ರಿಫರ್ ಆ್ಯನ್ ಅಪೀಲ್' ಅಂದರೆ ಮೇಲ್ಮನವಿ ಸಲ್ಲಿಸುವುದು, ಇಷ್ಟಪಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. 'ಇನ್‌ಸ್ಟ್ರುಮೆಂಟ್' ಅಂದರೆ ದಸ್ತಾವೇಜು. 'ಟೈಟಲ್' ಅಂದರೆ ಒಡೆತನದ ಹಕ್ಕು. 'ಮೈನರ್' ಅಂದರೆ ಹದಿನೆಂಟು ತುಂಬದವರು. ಇವಿಷ್ಟನ್ನು ಈ ವಾರ ಬರೆದುಕೋ.

ಹೊಲಿಗೆ ಅಂಗಡಿ, ಚಿತ್ರದುರ್ಗ

ಬರೆದುಕೊಂಡೆ ಸರ್. 'ಇಶ್ಯೂ' ಒಂದಕ್ಕೇ ಒಂದು ಪುಟ ಬಿಟ್ಟಿದ್ದೀನಿ.

ಇಂಗ್ಲಿಷ್ ಮೇಷ್ಟ್ರು, ಸಾಗರ

ಶಿರಸ್ತೇದಾರರ ಮಾತಿಗೆ ಒಂದು ಸಂಗತಿ ಸೇರಿಸುತ್ತೇನೆ. 'ಡಿಟರ್ಮಿನ್' ಎಂಬ ಪದದೊಳಗೆ ಲ್ಯಾಟಿನ್ನಿನ 'ಟರ್ಮಿನಸ್' ಇದೆ. ಎಲ್ಲೆ, ಗಡಿ, ಕೊನೆ ಎಂದು ಅದರ ಅರ್ಥ. ಬಸ್ಸು ಕೊನೆಗೆ ನಿಲ್ಲುವ ಜಾಗವೂ ಟರ್ಮಿನಸ್ಸೇ. ಗಡಿ ಹಾಕಿದರೆ ವಿಷಯ ನಿಶ್ಚಯವಾಯಿತು, ಗಡಿ ಮುಟ್ಟಿದರೆ ಮುಗಿಯಿತು. ಎರಡು ಅರ್ಥವೂ ಒಂದೇ ಬೇರಿನಿಂದ ಬಂದವು.

ಇದು ನಮಗೆ ಹೊಸದೇನಲ್ಲ. ಕನ್ನಡದ 'ತೀರು' ನೋಡಿ. ಅಕ್ಕಿ ತೀರಿತು, ಸಾಲ ತೀರಿತು, ಅಜ್ಜ ತೀರಿಕೊಂಡರು. ಅಲ್ಲೆಲ್ಲ ಮುಗಿಯುವ ಅರ್ಥ. ಅದೇ 'ತೀರು'ವಿನಿಂದ 'ತೀರ್ಪು', 'ತೀರ್ಮಾನ'. ಅಲ್ಲಿ ನಿಶ್ಚಯದ ಅರ್ಥ. 'ಡಿಟರ್ಮಿನ್' ಪದದ ಎದುರು ನಿಮ್ಮ ನೋಟ್ ಪುಸ್ತಕದಲ್ಲಿ 'ತೀರು' ಎಂದು ಬರೆಯಿರಿ. ಲೀಸು ತೀರಿತು, ಕೋರ್ಟು ತೀರ್ಮಾನಿಸಿತು. ಎರಡೂ ಸರಿಹೋಗುತ್ತದೆ, ಮರೆಯುವುದೂ ಇಲ್ಲ.

ಓದುವುದರ ಜೊತೆಗೆ ಆಡುವುದನ್ನೂ ಕಲಿಯಬೇಕು ತಾನೇ? ನನ್ನ ಹೈಸ್ಕೂಲು ಮಕ್ಕಳು ಪದ ಕಲಿತಿರುತ್ತಾರೆ, ಕ್ರಿಯಾಪದ ಮಾತ್ರ ಕನ್ನಡದ್ದನ್ನೇ ಹಾಕುತ್ತಾರೆ. ನಾವು ಕೇಸ್ ಹಾಕುತ್ತೇವೆ, ಆದ್ದರಿಂದ 'ಪುಟ್ ಎ ಕೇಸ್ ಆನ್ ಹಿಮ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಕೇಸನ್ನು 'ಫೈಲ್' ಮಾಡುತ್ತಾರೆ, ಅದೂ 'ಅಗೇನ್ಸ್ಟ್ ಹಿಮ್'. ನಾವು ದೂರು ಕೊಡುತ್ತೇವೆ, ಅವರು 'ಲಾಡ್ಜ್' ಇಲ್ಲವೇ 'ಫೈಲ್' ಮಾಡುತ್ತಾರೆ. ನಾವು ಅಪರಾಧ ಮಾಡುತ್ತೇವೆ, ಅಲ್ಲಿ 'ಡು' ಹಾಕುವ ಹಾಗಿಲ್ಲ, 'ಕಮಿಟ್ ಎ ಕ್ರೈಮ್'. ಪೊಲೀಸರು 500 ರೂಪಾಯಿ ದಂಡ ಹಾಕಿದರು ಎನ್ನಲು 'ಐ ವಾಸ್ ಫೈನ್ಡ್ ಫೈವ್ ಹಂಡ್ರೆಡ್ ರುಪೀಸ್'. ದಂಡವೇ ಅಲ್ಲಿ ಕ್ರಿಯಾಪದ.

ನಿಯಮವನ್ನು ಪಾಲಿಸುವುದಕ್ಕೆ ಮೂರು ನಾಲ್ಕು ಪದ ಇವೆ. ಮನೆ, ಶಾಲೆ, ಆಟದ ನಿಯಮಕ್ಕೆ 'ಫಾಲೋ' ಸಾಕು. ಕಾನೂನಿಗೆ, ಹಿರಿಯರ ಮಾತಿಗೆ 'ಒಬೇ'. ಒಪ್ಪಿಕೊಂಡ ಷರತ್ತಿಗೆ ಬದ್ಧರಾಗಿ ನಡೆಯುವುದಕ್ಕೆ 'ಅಬೈಡ್ ಬೈ'. ನೋಟಿಸು, ಆದೇಶದಲ್ಲಿ ಹೇಳಿದ್ದನ್ನು ಮಾಡಿ ಮುಗಿಸುವುದಕ್ಕೆ 'ಕಂಪ್ಲೈ ವಿತ್'. 'ಬೈ' ಮತ್ತು 'ವಿತ್' ಅದಲುಬದಲಾಗಬಾರದು. ಮುರಿಯುವುದಕ್ಕೆ 'ಬ್ರೇಕ್' ಎಲ್ಲ ಕಡೆ ನಡೆಯುತ್ತದೆ. ಕಾಗದದಲ್ಲಿ ನಿಯಮಕ್ಕೆ 'ವೈಯಲೇಟ್', ಕರಾರಿಗೆ 'ಬ್ರೀಚ್', ಹಕ್ಕಿಗೆ 'ಇನ್‌ಫ್ರಿಂಜ್' ಬರುತ್ತವೆ.

ಕನ್ನಡ ಮೊದಲು

ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬರೆಯುತ್ತಿದ್ದೀರಿ. ಆದರೂ ನನಗೆ ಸಂಕಟ ಆಗುತ್ತಿದೆ. ಚಿತ್ರದುರ್ಗದ ಮಾಲೀಕ, ಚಿತ್ರದುರ್ಗದ ಬಾಡಿಗೆದಾರ್ತಿ, ಚಿತ್ರದುರ್ಗದ ವಕೀಲ. ಮೂವರೂ ಕನ್ನಡ ಮಾತಾಡುವವರು. ಹಾಗಿರುವಾಗ ನೋಟಿಸು ಯಾಕೆ ಇಂಗ್ಲಿಷಿನಲ್ಲಿ? ಆ ಅಕ್ಕ ಇಂಗ್ಲಿಷ್ ಕಲಿಯಬೇಕು ಅನ್ನುವ ಬದಲು ಆ ನೋಟಿಸು ಕನ್ನಡಕ್ಕೆ ಬರಬೇಕು ಅನ್ನಿ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ವಾದಿಸಬಹುದು, ಸಾಕ್ಷಿ ಹೇಳಬಹುದು, ತೀರ್ಪು ಬರೆಯಬಹುದು. ಅಂದ ಮೇಲೆ ಬಾಡಿಗೆ ನೋಟಿಸಿಗೆ ಏನು ಅಡ್ಡಿ?

ನಿವೃತ್ತ ಶಿರಸ್ತೇದಾರ, ಹಾಸನ

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ನಾನು ಇದ್ದ ಕೋರ್ಟಿನಲ್ಲಿ ಕನ್ನಡದಲ್ಲಿ ತೀರ್ಪು ಬರೆಯುತ್ತಿದ್ದ ನ್ಯಾಯಾಧೀಶರೊಬ್ಬರು ಇದ್ದರು. ಅವರು ಓದಿ ಹೇಳುವ ದಿನ ಕಕ್ಷಿದಾರರು ವಕೀಲರ ಮುಖ ನೋಡದೆ ನೇರವಾಗಿ ಪೀಠದ ಕಡೆ ನೋಡುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಸಂವಿಧಾನದ 348ನೇ ಅನುಚ್ಛೇದ ಇದೆಯಲ್ಲ. ಸುಪ್ರೀಂ ಕೋರ್ಟು, ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ ನಡೆಯಬೇಕು. ರಾಜ್ಯದ ಶಾಸನಸಭೆ ಕನ್ನಡದಲ್ಲಿ ಕಾಯಿದೆ ಮಾಡಿದರೂ ಗೆಜೆಟ್ಟಿನಲ್ಲಿ ಬರುವ ಇಂಗ್ಲಿಷ್ ಅನುವಾದವೇ ಅಧಿಕೃತ ಪಠ್ಯ ಅಂತ ಅದೇ ಅನುಚ್ಛೇದ ಹೇಳುತ್ತದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನಲ್ಲಿ ರಾಜ್ಯದ ಭಾಷೆಗೂ ಅವಕಾಶ ಕೊಡಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರ, ಈ ನಾಲ್ಕು ರಾಜ್ಯಗಳಲ್ಲಿ ಹಿಂದಿಗೆ ಅದು ಸಿಕ್ಕಿದೆ. ಅದಕ್ಕಾಗಿ ನಾವು ಕೇಳುತ್ತಲೇ ಇರೋಣ. ಅಷ್ಟರಲ್ಲಿ ಸಂಕ್ರಾಂತಿ ಬರುತ್ತೆ, ಈ ಹೆಣ್ಣುಮಗಳು ಸಹಿ ಹಾಕಬೇಕು.

ಲೆಸ್ಟರ್ ಕನ್ನಡಿಗ

'ಕನ್ನಡ ಮೊದಲು' ಅವರ ಸಂಕಟ ಇಂಗ್ಲಿಷಿನವರೂ ಪಟ್ಟದ್ದೇ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಫ್ರೆಂಚ್ ಮಾತು ಬೇರೂರಿತು, ದಾಖಲೆ ಲ್ಯಾಟಿನ್ನಿನಲ್ಲಿ. 1362ರಲ್ಲಿ ಮೂರನೇ ಎಡ್ವರ್ಡ್‌ನ ಕಾಲದಲ್ಲಿ ಒಂದು ಕಾಯಿದೆ ಬಂತು. ಫ್ರೆಂಚ್ ಈ ನಾಡಿನ ಜನಕ್ಕೆ ತಿಳಿಯದು, ತಮ್ಮ ಪರ ಏನು ಹೇಳಿದರು, ವಿರುದ್ಧ ಏನು ಹೇಳಿದರು ಅನ್ನೋದೇ ಅವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂತ. ಆ ಕಾಯಿದೆಯನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲೇ! ದಾಖಲೆಗಳೂ ಪೂರ್ತಿ ಇಂಗ್ಲಿಷಿಗೆ ಬಂದದ್ದು 1733ರಲ್ಲಿ. ತಮ್ಮದೇ ಊರಿನ ಕೋರ್ಟಿನಲ್ಲಿ ತಮ್ಮ ಭಾಷೆ ಪೂರ್ತಿಯಾಗಿ ಕೇಳೋಕೆ ಅವರು ಅಷ್ಟು ಕಾಲ ಕಾದಿದ್ದಾರೆ.

'ಪ್ಲೇಂಟಿಫ್', 'ಡಿಫೆಂಡೆಂಟ್', 'ಬೇಲ್', 'ವರ್ಡಿಕ್ಟ್', 'ಮಾರ್ಟ್‌ಗೇಜ್' ಎಲ್ಲ ಆ ಫ್ರೆಂಚಿನ ಉಳಿಕೆ. 'ವಿಲ್ ಅಂಡ್ ಟೆಸ್ಟಮೆಂಟ್', 'ಫಿಟ್ ಅಂಡ್ ಪ್ರಾಪರ್' ಅಂತ ಜೋಡಿ ಪದ ಕಂಡರೆ ಹೆದರಬೇಡಿ ಅಕ್ಕ. ಒಂದು ಹಳೆ ಇಂಗ್ಲಿಷಿನ ಪದ, ಇನ್ನೊಂದು ಫ್ರೆಂಚ್ ಅಥವಾ ಲ್ಯಾಟಿನ್ನಿನದು, ಅರ್ಥ ಹೆಚ್ಚುಕಡಿಮೆ ಒಂದೇ. ನಮ್ಮಲ್ಲೂ 'ರೀತಿ ರಿವಾಜು' ಅಂತ ಸಂಸ್ಕೃತ, ಅರಬ್ಬಿ ಒಟ್ಟಿಗೆ ಕೂತಿಲ್ವಾ, ಹಾಗೆ.

ಇನ್ನೊಂದು ವಿಷಯ. ನಾನು ಇಲ್ಲಿ ಅಂಗಡಿ ಲೀಸಿಗೆ ತಗೊಂಡಾಗ 'ಡಿಟರ್ಮಿನ್' ಪದ ನನಗೂ ಎದುರಾಗಿತ್ತು, ಇಲ್ಲೂ ಅದರರ್ಥ ಕೊನೆಗೊಳಿಸುವುದೇ. ಆದರೆ ದಾವೆ ಹಾಕಿದವರನ್ನು 1999ರಿಂದ ಇಲ್ಲಿ 'ಪ್ಲೇಂಟಿಫ್' ಅನ್ನಲ್ಲ, 'ಕ್ಲೇಮೆಂಟ್' ಅಂತಾರೆ. ಇಂಟರ್ನೆಟ್ಟಿನಲ್ಲಿ ಕಲಿಯುವಾಗ ಯಾವ ದೇಶದ ಪದ ಅನ್ನೋದನ್ನೂ ನೋಡಿಕೊಳ್ಳಿ.

ಪತ್ರ ಬರಹಗಾರ, ಗದಗ

ಅಕ್ಕಾರ, ನಮಸ್ಕಾರ್ರಿ. ಲೆಸ್ಟರಿನ ಅಣ್ಣಾರು ಹೇಳಿದ ಪದಾನ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ಬ್ಯಾರೆ ಆಗತೈತಿ ನೋಡ್ರಿ. ನಮ್ಮಲ್ಲಿ 'ಕ್ಲೇಮೆಂಟ್' ಅಂದ್ರ ಪತ್ರಾ ಬರಸಿಕೊಂಡವ್ರು, 'ಎಕ್ಸಿಕ್ಯೂಟೆಂಟ್' ಅಂದ್ರ ಬರದುಕೊಟ್ಟವ್ರು.

ಆ 'ಎಕ್ಸಿಕ್ಯೂಟ್' ಅನ್ನೂದನ್ನ ಭಾಳ ಮಂದಿ ತಪ್ಪು ತಿಳೀತಾರ. ಹೋದ ವರ್ಷ ಒಬ್ಬ ಹಿರಿಯಾರು ಹೊಲದ ಖರೀದಿ ಪತ್ರದಾಗ 'ಮೇಡ್ ಅಂಡ್ ಎಕ್ಸಿಕ್ಯೂಟೆಡ್' ಅಂತ ನೋಡಿ ಬೆವತು ಬಿಟ್ರು. ಮೊಮ್ಮಗ ಅದಕ್ಕ ಗಲ್ಲಿಗೆ ಹಾಕೂದು ಅಂತ ಹೇಳಿದ್ನಂತ. ಪತ್ರಾ 'ಎಕ್ಸಿಕ್ಯೂಟ್' ಆತು ಅಂದ್ರ ಸಹಿ ಮಾಡಿ ಬರದುಕೊಟ್ರು ಅಂತ. ಕೋರ್ಟಿನ ಡಿಕ್ರಿ 'ಎಕ್ಸಿಕ್ಯೂಟ್' ಆತು ಅಂದ್ರ ಅಮಲ್ಜಾರಿ ಆತು ಅಂತ. ಮನಶ್ಯಾಗ ಆದ್ರ ಮಾತ್ರ ಗಲ್ಲು. ಮುಂದಿನ ಪದ ಯಾವುದು ಅಂತ ನೋಡಿ ಅರ್ಥ ಹಿಡೀಬೇಕ್ರಿ.

'ಕನ್ಸಿಡರೇಶನ್' ಅಂದ್ರ ವಿಚಾರ ಮಾಡೂದು ಅಂತ ಸಾಲ್ಯಾಗ ಕಲಿಸ್ಯಾರ. ಪತ್ರದಾಗ ಅದು ಪ್ರತಿಫಲ, ಅಂದ್ರ ನೀವು ಕೊಡೂ ರೊಕ್ಕ. 1872ರ ಕರಾರು ಕಾಯಿದೆ ಪ್ರಕಾರ ಪ್ರತಿಫಲ ಇಲ್ಲದ ಕರಾರು, ಕೆಲವು ಬಿಟ್ಟು, 'ವಾಯ್ಡ್' ಆಗತೈತಿ. ವಾಯ್ಡ್ ಅಂದ್ರ ಮೊದಲಿಂದಾನ ಇಲ್ಲದಂಗ. 'ವಾಯ್ಡಬಲ್' ಬ್ಯಾರೆ, ಅದು ನಡೀತಿರತೈತಿ, ಮೋಸ ಹೋದವ್ರು ಬ್ಯಾಡ ಅಂದ್ರ ರದ್ದಾಗತೈತಿ. ಇನ್ನ 'ಷೆಡ್ಯೂಲ್' ಅಂದ್ರ ವ್ಯಾಳ್ಯಾಪಟ್ಟಿ ಅಲ್ರಿ, ಪತ್ರದ ಕಡೀಕ ಬರೂ ಆಸ್ತಿ ವಿವರ, ಚಕ್ಕುಬಂದಿ. ಕರಾರು ಬಂದ ಕೂಡಲೆ ಮೊದಲು ಅಲ್ಲಿಗೆ ಹೋಗ್ರಿ, ನಿಮ್ಮ ಮಳಿಗಿ ನಂಬರು, ಅಳತಿ ಸರಿ ಅದಾವೋ ಇಲ್ಲೋ ನೋಡ್ರಿ.

ಕೆಎಎಸ್ ತಯಾರಿ, ತುಮಕೂರು

ನಾನು ಮೂರು ವರ್ಷದಿಂದ ಪರೀಕ್ಷೆಗೆ ಓದುತ್ತಿದ್ದೇನೆ, ನನಗೆ ಉಪಯೋಗವಾದದ್ದನ್ನು ಹೇಳ್ತೀನಿ ಅಕ್ಕ. 'ಬಿಲ್' ಅಂದರೆ ಮಸೂದೆ, ಸದನದಲ್ಲಿ 'ಪಾಸ್' ಆಗಿ ಅಂಕಿತ ಬಿದ್ದರೆ 'ಆಕ್ಟ್', ಕಾಯಿದೆ. ಅದರ ಕೆಳಗೆ ಸರ್ಕಾರ ಮಾಡುವುದು 'ರೂಲ್ಸ್', ನಿಯಮಗಳು. 1988ರ ಮೋಟಾರು ವಾಹನ ಕಾಯಿದೆ 'ಆಕ್ಟ್', 1989ರ ಕೇಂದ್ರ ಮೋಟಾರು ವಾಹನ ನಿಯಮಗಳು 'ರೂಲ್ಸ್'. ಸದನ ನಡೆಯದಿದ್ದಾಗ ಹೊರಡಿಸುವುದು 'ಆರ್ಡಿನೆನ್ಸ್', ಸುಗ್ರೀವಾಜ್ಞೆ. ಸಂಘ, ಸೊಸೈಟಿ ತನ್ನ ಒಳಾಡಳಿತಕ್ಕೆ ಬರೆದುಕೊಳ್ಳುವುದು 'ಬೈಲಾ'. ಕಾಯಿದೆ ಆಗುವುದು ಬೇರೆ, ಜಾರಿಗೆ ಬರುವುದು ಬೇರೆ. ಭಾರತೀಯ ನ್ಯಾಯ ಸಂಹಿತೆಗೆ 2023ರ ಡಿಸೆಂಬರ್ 25ರಂದು ಅಂಕಿತ ಬಿತ್ತು, ಅದು 'ಕೇಮ್ ಇಂಟು ಫೋರ್ಸ್' ಆದದ್ದು 2024ರ ಜುಲೈ 1ಕ್ಕೆ. ತಿದ್ದುವುದು 'ಅಮೆಂಡ್', ರದ್ದು ಮಾಡುವುದು 'ರಿಪೀಲ್'. 1860ರ ಐಪಿಸಿ ಹೀಗೆ ರಿಪೀಲ್ ಆಯ್ತು.

ಇದಕ್ಕಿಂತ ಮುಖ್ಯ 'ಶಾಲ್' ಮತ್ತು 'ಮೇ'. ಶಾಲೆಯಲ್ಲಿ 'ಶಾಲ್' ಅಂದರೆ ಭವಿಷ್ಯತ್ ಕಾಲ ಅಂತ ಕಲಿತೆವು. ಕಾನೂನಿನಲ್ಲಿ ಅದು ಕಡ್ಡಾಯ. ನಮ್ಮ ಸರ್ಕಾರಿ ಕನ್ನಡದಲ್ಲಿ 'ಮಾಡತಕ್ಕದ್ದು', 'ನೀಡತಕ್ಕದ್ದು' ಅಂತ ಬರುತ್ತಲ್ಲ, ಆ 'ತಕ್ಕದ್ದು' ಎಲ್ಲಿದೆಯೋ ಅಲ್ಲಿ ಇಂಗ್ಲಿಷಿನಲ್ಲಿ 'ಶಾಲ್' ಇರುತ್ತೆ. 'ಮಾಡಬಹುದು' ಅಂತಿದ್ದರೆ 'ಮೇ'. ಕೋರ್ಟುಗಳು ಸಂದರ್ಭ ನೋಡಿ ಕೆಲವು ಸಲ 'ಮೇ'ಯನ್ನೂ ಕಡ್ಡಾಯ ಅಂತ ಓದಿದ್ದುಂಟು. ಆದರೆ ಸಹಿ ಹಾಕುವವರು ಅದನ್ನು ನಂಬಿಕೊಂಡು ಕೂರಬಾರದು.

ಸಂವಿಧಾನದ 21ಎ ಅನುಚ್ಛೇದವನ್ನು ಒಮ್ಮೆ ಬಾಯಿಬಿಟ್ಟು ಓದಿ ಅಕ್ಕ, ನಿಮ್ಮ ಪದವೂ ಅಲ್ಲಿದೆ: 'ದಿ ಸ್ಟೇಟ್ ಶಾಲ್ ಪ್ರೊವೈಡ್ ಫ್ರೀ ಅಂಡ್ ಕಂಪಲ್ಸರಿ ಎಜುಕೇಶನ್ ಟು ಆಲ್ ಚಿಲ್ಡ್ರನ್ ಆಫ್ ದಿ ಏಜ್ ಆಫ್ ಸಿಕ್ಸ್ ಟು ಫೋರ್ಟೀನ್ ಇಯರ್ಸ್ ಇನ್ ಸಚ್ ಮ್ಯಾನರ್ ಆ್ಯಸ್ ದಿ ಸ್ಟೇಟ್ ಮೇ, ಬೈ ಲಾ, ಡಿಟರ್ಮಿನ್.' ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆಲ್ಲ ರಾಜ್ಯ ಶಿಕ್ಷಣ ಕೊಡಲೇಬೇಕು, ಅದು 'ಶಾಲ್'. ಯಾವ ರೀತಿಯಲ್ಲಿ ಅನ್ನೋದನ್ನು ಕಾನೂನಿನ ಮೂಲಕ ತೀರ್ಮಾನಿಸಬಹುದು, ಅದು 'ಮೇ' ಮತ್ತು 'ಡಿಟರ್ಮಿನ್'. ಇಲ್ಲಿ 'ಡಿಟರ್ಮಿನ್' ಮುಗಿಸುವುದಲ್ಲ, ಗೊತ್ತುಪಡಿಸುವುದು. ಸಂವಿಧಾನದ ಕನ್ನಡ ಆವೃತ್ತಿಯನ್ನೂ ಇಂಗ್ಲಿಷ್ ಆವೃತ್ತಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಒಂದು ಅನುಚ್ಛೇದ ಓದಿ. ನಾನು ಕಲಿತದ್ದೇ ಹಾಗೆ. ಕೇಂದ್ರದ ಕಾಯಿದೆಗಳು ಇಂಡಿಯಾ ಕೋಡ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹೊಲಿಗೆ ಅಂಗಡಿ, ಚಿತ್ರದುರ್ಗ

ತಮ್ಮಾ, 21ಎ ಓದಿದೆ. ಮಗಳ ಕೈಲೂ ಓದಿಸಿದೆ. 'ತಕ್ಕದ್ದು' ಅಂದ ಕೂಡಲೇ 'ಶಾಲ್' ತಲೆಯಲ್ಲಿ ಕೂತುಬಿಡ್ತು. ಒಂದು ಪ್ರಶ್ನೆ: ಪಕ್ಕದ ಅಂಗಡಿಯವರ ಮಗನ ಮೇಲೆ ಒಂದು ಕೇಸ್ ಇದೆ, 'ನಾನ್ ಬೇಲಬಲ್' ಅಂತೆ. ಅವರಮ್ಮ ಇನ್ನು ಮಗ ಹೊರಗೇ ಬರಲ್ಲ ಅಂತ ಊಟ ಬಿಟ್ಟು ಕೂತಿದ್ದಾರೆ. ನಿಜವಾ?

ಕಿರಿಯ ವಕೀಲೆ, ಮಂಗಳೂರು

ಇಲ್ಲ ಅಕ್ಕ. ದಯವಿಟ್ಟು ಈಗಲೇ ಹೋಗಿ ಅವರಿಗೆ ಹೇಳಿ. 'ಬೇಲಬಲ್' ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣೆಯಲ್ಲೇ ಸಿಗಬೇಕು. 'ನಾನ್ ಬೇಲಬಲ್' ಅಂದರೆ ಹಾಗೆ ಹಕ್ಕಿನಿಂದ ಕೇಳುವಂತಿಲ್ಲ, ಕೋರ್ಟಿಗೆ ಅರ್ಜಿ ಹಾಕಬೇಕು, ನ್ಯಾಯಾಧೀಶರು ಪ್ರಕರಣ ನೋಡಿ ಕೊಡಬಹುದು ಅಥವಾ ನಿರಾಕರಿಸಬಹುದು. ಪ್ರತಿದಿನ ಕೊಡುತ್ತಲೂ ಇದ್ದಾರೆ. ಪತ್ರಿಕೆಗಳಲ್ಲಿ 'ಜಾಮೀನುರಹಿತ' ಎಂದು ಬರೆಯುವುದರಿಂದ ಜಾಮೀನೇ ಇಲ್ಲ ಎಂದು ಜನ ತಿಳಿದುಕೊಳ್ಳುತ್ತಾರೆ. ನನ್ನ ಕಕ್ಷಿದಾರರ ಮನೆಗಳಲ್ಲಿ ಈ ಒಂದು ಪದಕ್ಕೆ ಎಷ್ಟು ಕಣ್ಣೀರು ಹರಿದಿದೆ ಎಂದು ನಾನು ನೋಡಿದ್ದೇನೆ.

ಪೊಲೀಸ್ ಕಡೆಯ ಇನ್ನೂ ನಾಲ್ಕು ಪದ ಹೇಳಿಬಿಡುತ್ತೇನೆ. 'ಕಾಗ್ನಿಜಬಲ್' ಎಂದರೆ ವಾರಂಟ್ ಇಲ್ಲದೆ ಬಂಧಿಸಬಹುದಾದ, ಕೋರ್ಟಿನ ಆದೇಶಕ್ಕೆ ಕಾಯದೆ ತನಿಖೆ ಶುರು ಮಾಡಬಹುದಾದ ಅಪರಾಧ. 'ಕಾಂಪೌಂಡಬಲ್' ಎಂದರೆ ರಾಜಿ ಮಾಡಿಕೊಳ್ಳಬಹುದಾದ ಅಪರಾಧ, ಮನೆಯ ಸುತ್ತಲಿನ ಕಾಂಪೌಂಡಿಗೂ ಅದಕ್ಕೂ ನಂಟಿಲ್ಲ. 'ಅಕ್ಯೂಸ್ಡ್' ಆರೋಪಿ ಮಾತ್ರ, ತಪ್ಪು ಸಾಬೀತಾದ ಮೇಲೆ 'ಕನ್ವಿಕ್ಟ್'. ವಿಚಾರಣೆ ಮುಗಿದು ಬಿಡುಗಡೆಯಾದರೆ 'ಅಕ್ವಿಟೆಡ್', ವಿಚಾರಣೆಗೆ ಬೇಕಾದಷ್ಟು ಆಧಾರವೇ ಇಲ್ಲ ಎಂದು ಮೊದಲೇ ಕೈಬಿಟ್ಟರೆ 'ಡಿಸ್ಚಾರ್ಜ್ಡ್'. ಇನ್ನು 'ಸ್ಟೇ' ಸಿಕ್ಕಿತು ಎಂದು ಸಿಹಿ ಹಂಚುವವರಿದ್ದಾರೆ. ಸ್ಟೇ ಎಂದರೆ ಸದ್ಯಕ್ಕೆ ತಡೆ, ಕೇಸು ಗೆದ್ದಂತಲ್ಲ.

ಹೊಲಿಗೆ ಅಂಗಡಿ, ಚಿತ್ರದುರ್ಗ

ಮೇಡಂ, ಹೋಗಿ ಹೇಳಿ ಬಂದೆ. ನೀವು ಬರೆದದ್ದನ್ನೇ ಓದಿ ಹೇಳಿದೆ. ಎದ್ದು ಮುಖ ತೊಳೆದುಕೊಂಡರು.

ಕನ್ನಡ ಮೊದಲು

ನನ್ನ ಅಭಿಪ್ರಾಯ ಬದಲಾಗಿಲ್ಲ, ನೋಟಿಸುಗಳು ಕನ್ನಡದಲ್ಲೇ ಬರಬೇಕು. ಆದರೆ ಈ ಚರ್ಚೆಯಲ್ಲಿ ಬಂದ ಕನ್ನಡ ಪದಗಳನ್ನು ನೋಡಿ: ವಿವಾದಾಂಶ, ಅಮಲ್ಜಾರಿ, ಪ್ರತಿಫಲ, ಚಕ್ಕುಬಂದಿ, ಬರೆದುಕೊಟ್ಟವರು, ಜಾಮೀನು. ಇಂಗ್ಲಿಷ್ ಪದಕ್ಕೆ ಅರ್ಥ ಹೇಳಲು ಹೋಗಿ ನೀವೆಲ್ಲ ಕನ್ನಡದ ಕಾನೂನು ಕೋಶವನ್ನೇ ಬಿಚ್ಚಿದ್ದೀರಿ. ಅಕ್ಕನಿಗೆ ನನ್ನದೊಂದು ವಿನಂತಿ. ನೋಟ್ ಪುಸ್ತಕದಲ್ಲಿ ಇವನ್ನೂ ಬರೆಯಿರಿ, ಕರಾರಿನ ಕನ್ನಡ ಪ್ರತಿ ಒಂದನ್ನು ಜೊತೆಗೆ ಕೇಳಿ. ಕೇಳಿದರೆ ಕೊಡಲೂಬಹುದು.

ಹೊಲಿಗೆ ಅಂಗಡಿ, ಚಿತ್ರದುರ್ಗ

ಮೂರು ವಾರ ಆಯ್ತು, ಹೇಳೋಕೆ ಬಂದೆ. ನಿನ್ನೆ ಕರಾರಿನ ಕರಡು ಬಂತು. ಹನ್ನೊಂದು ತಿಂಗಳದ್ದು. ಯಾಕೆ ಎಲ್ಲರೂ ಹನ್ನೊಂದೇ ಬರೆಸ್ತಾರೆ ಅಂತ ಕೇಳಿದೆ. ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯಿದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕಂತೆ, ಅದಕ್ಕೆ.

ಈ ಸಲ ಪೆನ್ಸಿಲನ್ನು ಬೇರೆ ಥರ ಹಿಡಿದೆ. ಗೊತ್ತಿಲ್ಲದ ಪದಕ್ಕೆ ಒಂದು ಗೆರೆ, ಗೊತ್ತು ಅನ್ನಿಸಿದ ಪದಕ್ಕೆ ಎರಡು ಗೆರೆ. ಎರಡು ಗೆರೆಯವನ್ನೇ ಮೊದಲು ಹುಡುಕಿದೆ. ಮೊದಲು ಷೆಡ್ಯೂಲಿಗೆ ಹೋದೆ ಗದಗದ ಅಣ್ಣಾ, ಮಳಿಗೆ ನಂಬರ್ ಸರಿ ಇತ್ತು, ಉತ್ತರದ ಚಕ್ಕುಬಂದಿಯಲ್ಲಿ ಹಳೇ ಅಂಗಡಿಯವರ ಹೆಸರಿತ್ತು, ತಿದ್ದಿಸಿದೆ. ಆರನೇ ಕಲಮಿನಲ್ಲಿ ಬಾಡಿಗೆದಾರರು ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಬಾಡಿಗೆ ಕೊಡಬೇಕು ಅನ್ನೋದಕ್ಕೆ 'ದಿ ಲೆಸ್ಸಿ ಶಾಲ್ ಪೇ' ಅಂತಿದೆ. ಸರಿ, ಅದು ನನ್ನ 'ತಕ್ಕದ್ದು'. ಒಂಬತ್ತನೇ ಕಲಂ ನನ್ನ ಅಡ್ವಾನ್ಸಿನದು. ಅಲ್ಲಿ 'ದಿ ಲೆಸ್ಸರ್ ಮೇ ರಿಫಂಡ್ ದಿ ಸೆಕ್ಯುರಿಟಿ ಡೆಪಾಸಿಟ್' ಅಂತಿತ್ತು. ನಾನು ಕೊಡೋ ಕಡೆ 'ಶಾಲ್', ಅವರು ಕೊಡೋ ಕಡೆ 'ಮೇ'.

ಕರಡು ಎತ್ತಿಕೊಂಡು ಮಾಲೀಕರ ಮನೆಗೆ ಹೋದೆ. ಅಣ್ಣಾ, ಇಲ್ಲಿ 'ಕೊಡಬಹುದು' ಅಂತಿದೆ, 'ಕೊಡತಕ್ಕದ್ದು' ಅಂತ ಆಗಬೇಕು ಅಂದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ವಕೀಲರಿಗೆ ಫೋನ್ ಮಾಡಿದರು. 'ಶಾಲ್ ರಿಫಂಡ್ ವಿತಿನ್ ಥರ್ಟಿ ಡೇಸ್' ಅಂತ ಪೆನ್ನಿನಲ್ಲಿ ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಕನ್ನಡ ಪ್ರತಿಯನ್ನೂ ಕೇಳಿದೆ, ಬರೆಸಿ ಕೊಡ್ತೀನಿ ಅಂದಿದ್ದಾರೆ.

ಒಂದು ಪದ ಉಳಿದಿದೆ. ಹನ್ನೆರಡನೇ ಕಲಮಿನಲ್ಲಿ 'ದಿ ಲೆಸ್ಸಿ 'ಶಾಲ್ ಇಂಡೆಮ್ನಿಫೈ' ದಿ ಲೆಸ್ಸರ್' ಅಂತಿದೆ. ನಾಳೆ ಟೈಪಿಗೆ ಕೊಡಬೇಕು.

ನಿವೃತ್ತ ಶಿರಸ್ತೇದಾರ, ಹಾಸನ

ನಷ್ಟ ತುಂಬಿಕೊಡುವುದು. ಪದ ಬಿಟ್ಟು ಅದರ ಮುಂದಿನ ಭಾಗ ನೋಡಮ್ಮ, ಯಾರಿಂದ ಆದ ನಷ್ಟ ಅಂತ ಹೇಳಿದೆಯೋ ಇಲ್ಲವೋ. 'ಎನಿ ಲಾಸ್ ವಾಟ್‌ಸೋಎವರ್' ಅಂತ ಮಾತ್ರ ಇದ್ದರೆ, ಮೇಲಿನ ಮನೆಯ ಪೈಪು ಒಡೆದು ಆದ ನಷ್ಟವನ್ನೂ ನಿನ್ನ ಹತ್ತಿರ ಕೇಳಿಯಾರು. 'ಕಾಸ್ಡ್ ಬೈ ದಿ ಲೆಸ್ಸಿ' ಅಂತ ಸೇರಿಸಲು ಹೇಳು, ನಿನ್ನಿಂದ ಆದದ್ದಕ್ಕೆ ಮಾತ್ರ ನೀನು ಹೊಣೆ.

ಹೊಲಿಗೆ ಅಂಗಡಿ, ಚಿತ್ರದುರ್ಗ

'ವಾಟ್‌ಸೋಎವರ್' ಇದೆ ಸರ್. ನೀವು ಹೇಳಿದ್ದನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀನಿ. ಟೈಪಿಂಗ್ ಅಂಗಡಿ ತೆಗೆಯೋದು ಹತ್ತೂವರೆಗೆ, ಅದಕ್ಕೆ ಮುಂಚೆ ಮಾಲೀಕರ ಮನೆಗೆ ಹೋಗಿ ಬರ್ತೀನಿ.